ಅರೆಗಂಟೆಗೇ ಆರುತ್ತಿದ್ದ ಬೋರ್ಡ್: ಪಿಎಂಬಸ್‌ನ ಒಂದು ಪೇಜ್ ಕಥೆ

ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಆರು ಸರ್ಕ್ಯೂಟ್ ಬೋರ್ಡ್‌ಗಳನ್ನು ಬರ್ನ್-ಇನ್‌ಗೆ, ಅಂದರೆ ಗಂಟೆಗಟ್ಟಲೆ ಓಡಿಸಿ ನೋಡುವ ಪರೀಕ್ಷೆಗೆ ಇಟ್ಟಿದ್ದೆವು. ಸಂಜೆ ಏಳಕ್ಕೆ ಪೂರ್ತಿ ಲೋಡ್ ಹಾಕಿ ಮನೆಗೆ ಹೋಗುವುದು, ಬೆಳಿಗ್ಗೆ ಏಳಕ್ಕೆ ಬಂದು ನೋಡುವುದು. ಎರಡನೇ ಬೆಳಿಗ್ಗೆ ಬಂದರೆ ಐದು ಬೋರ್ಡ್ ಬಿಸಿಬಿಸಿಯಾಗಿ ಓಡುತ್ತಿದ್ದವು, ಒಂದು ತಣ್ಣಗೆ ಕುಳಿತಿತ್ತು. ಕನ್ಸೋಲ್ ಲಾಗಿನ ಕೊನೆಯ ಸಾಲು ಹೀಗಿತ್ತು: ಕೋರ್ ವೋಲ್ಟೇಜ್ 1.802, ಮಿತಿ 1.100, ರೈಲ್‌ಗಳನ್ನು ಆಫ್ ಮಾಡಲಾಗಿದೆ.

ಓದಿ ಎದೆ ಧಸಕ್ ಎಂದಿತು. ಅದು 1.0 ವೋಲ್ಟಿನ ರೈಲ್, ಅಂದರೆ ಚಿಪ್ಪಿಗೆ ಪವರ್ ಒಯ್ಯುವ ದಾರಿ. ಅಲ್ಲಿ ಕುಳಿತಿರುವ ದೊಡ್ಡ ಚಿಪ್ಪಿಗೆ ನಿಜವಾಗಿ 1.8 ವೋಲ್ಟ್ ಹೋಗಿದ್ದರೆ ಅದು ಮತ್ತೆ ಏಳುತ್ತಲೇ ಇರಲಿಲ್ಲ. ಆದರೆ ಪವರ್ ಕೊಟ್ಟ ತಕ್ಷಣ ಬೋರ್ಡ್ ಎದ್ದಿತು, ಇಡೀ ದಿನ ಓಡಿತು. ಮಾರನೇ ರಾತ್ರಿ ಇನ್ನೊಂದು ಬೋರ್ಡ್ ಆರಿತು. ಆ ಬಾರಿ ಓದಿದ್ದು 1.797.

ಬೋರ್ಡಿನ ಒಳಗು ಸ್ವಲ್ಪ ಹೇಳಿಬಿಡುತ್ತೇನೆ. 12 ವೋಲ್ಟ್ ಒಳಗೆ ಬರುತ್ತದೆ. ಎರಡು ಔಟ್‌ಪುಟ್ ಇರುವ ಒಂದು ಡಿಜಿಟಲ್ ಪವರ್ ಕಂಟ್ರೋಲರ್ ಅದರಿಂದ ಕೋರ್‌ಗೆ 1.0 ವೋಲ್ಟ್, ಐಓಗೆ (ಚಿಪ್ ಹೊರಗಿನವರೊಂದಿಗೆ ಮಾತಾಡುವ ಭಾಗಕ್ಕೆ) 1.8 ವೋಲ್ಟ್ ಮಾಡುತ್ತದೆ. ಪಕ್ಕದಲ್ಲೊಂದು ಸಣ್ಣ ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಇದೆ. ಅದಕ್ಕೆ ಬೇರೆಯೇ ಸ್ಟ್ಯಾಂಡ್‌ಬೈ ಪವರ್, ಅದರ ಮೇಲೆ ಲಿನಕ್ಸ್. ಇವೆರಡರ ನಡುವೆ ಎರಡು ತಂತಿ, ಒಂದು ಕ್ಲಾಕ್, ಒಂದು ಡೇಟಾ. ಇದೇ ಪಿಎಂಬಸ್.

ಪಿಎಂಬಸ್ ಹೊಸ ತಂತಿ ಅಲ್ಲ, ಹಳೇ ತಂತಿಯ ಮೇಲಿನ ಹೊಸ ಮಾತು. 1982ರಲ್ಲಿ ಫಿಲಿಪ್ಸ್‌ನವರು ಐ2ಸಿ ತಂದರು. ಒಂದೇ ಪೆಟ್ಟಿಗೆಯೊಳಗಿನ ಚಿಪ್‌ಗಳು ಕಡಿಮೆ ತಂತಿಯಲ್ಲಿ ಮಾತಾಡಲಿ ಅಂತ. 1995ರಲ್ಲಿ ಇಂಟೆಲ್ ಮತ್ತು ಡ್ಯುರಾಸೆಲ್ ಬ್ಯಾಟರಿಗಳಿಗಾಗಿ ಅದನ್ನು ಬಿಗಿ ಮಾಡಿ ಎಸ್‌ಎಂಬಸ್ ಮಾಡಿದರು. ಕ್ಲಾಕ್ ಹಿಡಿದುಕೊಂಡು ಕೂತವನನ್ನು 25ರಿಂದ 35 ಮಿಲಿಸೆಕೆಂಡಿನಲ್ಲಿ ಬಿಡಿಸುವ ಟೈಮ್‌ಔಟ್ ಅಲ್ಲಿಂದ ಬಂತು. 2005ರಲ್ಲಿ ಅದರ ಮೇಲೆ ಪವರ್ ಸಪ್ಲೈಗಳ ಭಾಷೆ ಬಂತು. ವೋಲ್ಟೇಜ್ ಇಷ್ಟಿಡು ಎನ್ನಲು ಒಂದು ಸಂಖ್ಯೆ, ಈಗ ಎಷ್ಟಿದೆ ಎಂದು ಕೇಳಲು ಇನ್ನೊಂದು. ಹೆಕ್ಸ್ (ಹದಿನಾರರ ಎಣಿಕೆ) 21 ಅಂದರೆ ವಿಔಟ್ (ಹೊರಬರುವ ವೋಲ್ಟೇಜ್) ಕಮಾಂಡ್, ಹೆಕ್ಸ್ 8ಬಿ ಅಂದರೆ ರೀಡ್ ವಿಔಟ್.

ಮ್ಯಾನೇಜ್‌ಮೆಂಟ್ ಪ್ರೊಸೆಸರಿನ ಮೇಲೆ ಒಂದು ಡೀಮನ್, ಅಂದರೆ ಹಿನ್ನೆಲೆಯ ಪ್ರೋಗ್ರಾಂ ಓಡುತ್ತದೆ. ಸೆಕೆಂಡಿಗೊಮ್ಮೆ ಕೋರ್ ವೋಲ್ಟೇಜ್ ಓದುತ್ತದೆ, ನಿಮಿಷಕ್ಕೊಮ್ಮೆ 1.8ರ ರೈಲ್ ಓದುತ್ತದೆ. ಮಿತಿ ಮೀರಿದರೆ ಎಲ್ಲ ಆಫ್. ಆರಿದ ಬೋರ್ಡನ್ನು ಆರಿಸಿದ್ದು ಈ ಡೀಮನ್.

ಮೊದಲ ತಪ್ಪು ದಾರಿ

ಪವರ್ ತಂಡದವರು ಇದು ಸಾಫ್ಟ್‌ವೇರ್ ಅಂದರು. ಸಾಫ್ಟ್‌ವೇರ್‌ನವರು ಇದು ಪವರ್ ಅಂದರು. ಎರಡು ದಿನ ಇದೇ ನಡೆಯಿತು. ನಾನು ಎರಡೂ ಕಡೆಯ ಮೇಜಿನಲ್ಲಿ ಕೂರುವವನು, ಹಾಗಾಗಿ ಬೈಗುಳವೂ ಎರಡೂ ಕಡೆಯದು ಸಿಕ್ಕಿತು.

ವೋಲ್ಟೇಜಿನ ಏರಿಳಿತ ತೋರಿಸುವ ಸ್ಕೋಪಿನ ಪ್ರೋಬನ್ನು ಕೋರ್ ರೈಲಿಗೆ ಬೆಸೆದು, 1.1 ವೋಲ್ಟ್ ದಾಟಿದರೆ ಹಿಡಿ ಅಂತ ಟ್ರಿಗರ್ ಇಟ್ಟು ಬಿಟ್ಟೆವು. ಆ ರಾತ್ರಿ ಅದೇ ಬೋರ್ಡ್ ಆರಿತು. ಸ್ಕೋಪ್ ಏನನ್ನೂ ಹಿಡಿದಿರಲಿಲ್ಲ. ಕಂಟ್ರೋಲರನ್ನೇ ಕೇಳಿದೆವು. ಸ್ಟೇಟಸ್ ವಿಔಟ್ ರಿಜಿಸ್ಟರಿನ ಏಳನೇ ಬಿಟ್ ಓವರ್‌ವೋಲ್ಟೇಜ್ ಫಾಲ್ಟಿನದು. ಅದು ಸೊನ್ನೆ. ಈ ಚಿಪ್ಪಿಗೆ ನಾವು ಕೊಟ್ಟ ಮಿತಿ 1.15 ವೋಲ್ಟ್. ಅದರ ಒಳಗಿನ ಕಂಪೇರೇಟರ್ (ವೋಲ್ಟೇಜನ್ನು ಮಿತಿಯೊಂದಿಗೆ ಹೋಲಿಸುವ ಸರ್ಕ್ಯೂಟ್) ಮೈಕ್ರೋಸೆಕೆಂಡುಗಳಲ್ಲಿ ನೋಡುತ್ತದೆ. ಅದಕ್ಕೆ ಕಾಣದ 1.8 ವೋಲ್ಟ್ ಡೀಮನ್‌ಗೆ ಕಂಡಿದೆ. ಅಂದರೆ ರೈಲ್ ಸರಿ ಇದೆ, ಓದಿದ್ದು ತಪ್ಪು. ಓದು ಬರುವುದು ಎರಡು ತಂತಿಯಿಂದ. ಹಾಗಾದರೆ ತಂತಿ ನೋಡೋಣ.

ನೋಡಿದರೆ ಅಲ್ಲಿ ನಿಜವಾಗಿಯೂ ಒಂದು ಕೊಳಕು ಸಿಕ್ಕಿತು. ಇದೇ ನಮ್ಮನ್ನು ನಾಲ್ಕು ದಿನ ದಾರಿ ತಪ್ಪಿಸಿದ್ದು.

ಈ ಬಸ್ಸಿನಲ್ಲಿ ಯಾರೂ ತಂತಿಯನ್ನು ಮೇಲೆ ಎತ್ತುವುದಿಲ್ಲ. ಎಲ್ಲರೂ ಕೆಳಗೆ ಎಳೆಯುತ್ತಾರೆ ಅಷ್ಟೇ. ಬಿಟ್ಟಾಗ ಅದನ್ನು ಮೇಲಕ್ಕೆ ತರುವುದು ಪುಲ್-ಅಪ್ ರೆಸಿಸ್ಟರ್. ತಂತಿಗೆ ಕೆಪಾಸಿಟೆನ್ಸ್ ಜಾಸ್ತಿ ಇದ್ದರೆ ಏರುವುದು ನಿಧಾನ. ಏರುವ ಸಮಯ ಸುಮಾರು 0.85 ಗುಣಿಸು ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್. ನಮ್ಮ ಬೋರ್ಡಿನಲ್ಲಿ ಏಳು ಚಿಪ್, ಎರಡು ಕನೆಕ್ಟರ್, ಒಟ್ಟು ಅಂದಾಜು 180 ಪಿಕೋಫ್ಯಾರಡ್. ಐ2ಸಿ ಬಸ್ಸಿಗೆ 400ರ ತನಕ ಅವಕಾಶ ಇದೆ, ಹಾಗಾಗಿ ಯಾರೂ ಆ ಕಡೆ ನೋಡಿರಲಿಲ್ಲ. ಆದರೆ ಪುಲ್-ಅಪ್ 10 ಕಿಲೋಓಮ್ ಇತ್ತು. ಲೆಕ್ಕ ಹಾಕಿದರೆ ಒಂದೂವರೆ ಮೈಕ್ರೋಸೆಕೆಂಡ್. 100 ಕಿಲೋಹರ್ಟ್ಸ್‌ನಲ್ಲಿ ಇರಬೇಕಾದ್ದು ಒಂದರ ಒಳಗೆ. ಸ್ಕೋಪಿನಲ್ಲಿ ಚೌಕವಾಗಿ ಕಾಣಬೇಕಾದ ಕ್ಲಾಕ್ ಶಾರ್ಕಿನ ರೆಕ್ಕೆಯಂತೆ ಕಾಣುತ್ತಿತ್ತು.

ಸಿಕ್ಕಿತು ಅಂದುಕೊಂಡೆವು. ಆರೂ ಬೋರ್ಡಿನಲ್ಲಿ 10 ತೆಗೆದು 2.2 ಕಿಲೋಓಮ್ ಹಾಕಿದೆವು. ಏರುವ ಸಮಯ ಸುಮಾರು 0.34 ಮೈಕ್ರೋಸೆಕೆಂಡಿಗೆ ಇಳಿಯಿತು. ತಂತಿ ಕೆಳಗೆಳೆಯುವಾಗ 3.3 ವೋಲ್ಟಿನಿಂದ ಒಂದೂವರೆ ಮಿಲಿಆಂಪಿಯರ್ ಹರಿಯುತ್ತದೆ, ಅದೇನೂ ಭಾರವಲ್ಲ. ಅಲೆ ಚೊಕ್ಕವಾಯಿತು. ಆ ರಾತ್ರಿ ಯಾವ ಬೋರ್ಡೂ ಆರಲಿಲ್ಲ. ಮರುರಾತ್ರಿಯೂ ಇಲ್ಲ. ನಾನು ಇಮೇಲ್ ಬರೆದು, ಕಾರಣ ಸಿಕ್ಕಿದೆ, ಸರಿಪಡಿಸಲಾಗಿದೆ ಅಂತ ಎಲ್ಲರಿಗೂ ಕಳಿಸಿಬಿಟ್ಟೆ.

ಮೂರನೇ ರಾತ್ರಿ ಎರಡು ಬೋರ್ಡ್ ಆರಿದವು.

ಈಗ ಲೆಕ್ಕ ಹಾಕಿದರೆ ನನ್ನ ಪೆದ್ದುತನ ಕಾಣುತ್ತದೆ. ಸರಾಸರಿ ರಾತ್ರಿಗೊಂದು ಬೀಳುವ ತೊಂದರೆ ಎರಡು ರಾತ್ರಿ ಸುಮ್ನೆ ಅದೃಷ್ಟದಿಂದ ಬೀಳದೇ ಇರುವ ಸಾಧ್ಯತೆ ಏಳೆಂಟರಲ್ಲಿ ಒಂದು. ಅದೇನೂ ಅಪರೂಪವಲ್ಲ. ಎರಡು ರಾತ್ರಿ ಸಾಕ್ಷಿಯೇ ಅಲ್ಲ.

ಇನ್ನೂ ಒಂದು ಆಸೆ ಉಳಿದಿತ್ತು, ಪೆಕ್. ಎಸ್‌ಎಂಬಸ್‌ನಲ್ಲಿ ಪ್ರತಿ ಸಂದೇಶದ ಕೊನೆಗೆ ಒಂದು ಬೈಟ್ ಸಿಆರ್‌ಸಿ, ಅಂದರೆ ತಪ್ಪು ಹಿಡಿಯುವ ತಾಳೆ ಸಂಖ್ಯೆ ಸೇರಿಸಬಹುದು. ವಿಳಾಸ, ಕಮಾಂಡ್, ಡೇಟಾ ಎಲ್ಲ ಬೈಟುಗಳ ಮೇಲೂ ಲೆಕ್ಕ ಹಾಕಿದ್ದು. ಒಂದು ಬಿಟ್ ತಿರುಗಿದರೂ ಗೊತ್ತಾಗುತ್ತದೆ. ಅದನ್ನು ಆನ್ ಮಾಡಿದೆವು. ರಾತ್ರಿ ಬೋರ್ಡ್ ಆರಿತು. ಒಂದೇ ಒಂದು ಪೆಕ್ ತಪ್ಪು ಇರಲಿಲ್ಲ. ಸಂವಹನ ದೋಷಗಳನ್ನು ಬರೆದಿಡುವ ಸ್ಟೇಟಸ್ ಸಿಎಂಎಲ್ ರಿಜಿಸ್ಟರ್ ಕೂಡ ಸೊನ್ನೆ. ಚಿಪ್ 1.797 ಅಂತ ಹೇಳಿದೆ, ಅದು ಹೇಳಿದ್ದೇ ನಮಗೆ ತಲುಪಿದೆ. ತಂತಿಯ ತಪ್ಪಿಲ್ಲ.

ಲಾಗಿನಲ್ಲಿ ಮೊದಲ ದಿನದಿಂದ ಇದ್ದದ್ದು

ಇಲ್ಲಿಗೆ ಬಂದಾಗ ಸೋಲ್ಡರಿಂಗ್ ಐರನ್ ಕೆಳಗಿಟ್ಟು, ಕಾಫಿ ಹಿಡಿದುಕೊಂಡು ಲಾಗನ್ನೇ ಮತ್ತೆ ಓದಿದೆ. ಎರಡು ವಿಷಯ ಕಣ್ಣಿಗೆ ಬಿದ್ದವು. ಎರಡೂ ಮೊದಲ ದಿನದಿಂದ ಅಲ್ಲೇ ಇದ್ದವು.

ಒಂದು, ಸಂಖ್ಯೆ. ತಂತಿಯ ಗದ್ದಲದಿಂದ ಬಂದ ತಪ್ಪಾದರೆ ಒಮ್ಮೆ 3.4, ಒಮ್ಮೆ 0.2, ಹೀಗೆ ಅಡ್ಡಾದಿಡ್ಡಿ ಇರಬೇಕಿತ್ತು. ಇಲ್ಲಿ ಯಾವಾಗಲೂ 1.8ರ ಆಸುಪಾಸು. ಅಷ್ಟೇ ಅಲ್ಲ, ಮೊದಲ ಬೋರ್ಡ್ ಯಾವಾಗ ಆರಿದರೂ 1.802, ಇನ್ನೊಂದು ಆರಿದರೆ 1.797. ಹಗಲಿನ ಲಾಗಿನಲ್ಲಿ ಆ ಬೋರ್ಡ್‌ಗಳ ಐಓ ರೈಲ್ ಎಷ್ಟಿದೆ ಅಂತ ನೋಡಿದೆ. ಮೊದಲನೆಯದರದು 1.802. ಇನ್ನೊಂದರದು 1.797. ಪ್ರತಿ ಬೋರ್ಡಿಗೂ ಒಂದೆರಡು ಮಿಲಿವೋಲ್ಟಿನ ತನ್ನದೇ ವ್ಯತ್ಯಾಸ ಇರುತ್ತದಲ್ಲ, ಅದು ಬೆರಳಚ್ಚಿನ ಹಾಗೆ. ಕೋರ್ ಹೆಸರಿನಲ್ಲಿ ಬಂದ ಸಂಖ್ಯೆಯ ಮೇಲೆ ಐಓ ರೈಲಿನ ಬೆರಳಚ್ಚಿತ್ತು.

ಎರಡು, ಸಮಯ. 1:30, 4:30, 11:30, 2:30. ಪ್ರತಿ ಸಲವೂ ಅರೆಗಂಟೆಗೆ, ಒಂದೆರಡು ಸೆಕೆಂಡ್ ಆಚೆ. ಇದನ್ನು ನಮ್ಮ ಟೆಸ್ಟ್ ಹುಡುಗ ಮೊದಲೇ ಹೇಳಿದ್ದ. ಆಗ ನಾವು ಎಸಿ ಕಂಪ್ರೆಸರ್ ಶುರುವಾಗುವ ಹೊತ್ತಿರಬೇಕು, ಯುಪಿಎಸ್ ತನ್ನ ಪರೀಕ್ಷೆ ತಾನೇ ಮಾಡಿಕೊಳ್ಳುತ್ತಿರಬೇಕು ಅಂತ ಅದರ ಹಿಂದೆ ಅರ್ಧ ದಿನ ಓಡಿ ಬಿಟ್ಟಿದ್ದೆವು. ಬೋರ್ಡಿನ ಒಳಗೆ ಅರೆಗಂಟೆಗೆ ನಡೆಯುವ ಕೆಲಸ ಯಾವುದೂ ಇರಲಿಲ್ಲ. ಗಂಟೆಗೊಮ್ಮೆ ನಡೆಯುವುದು ಮಾತ್ರ ಒಂದಿತ್ತು, ಸರಿಯಾಗಿ ಗಂಟೆ ಹೊಡೆದಾಗ.

ಕನ್ಸೋಲ್ ಲಾಗಿನ ಸಮಯ ಲ್ಯಾಬಿನ ಪಿಸಿಯದು, ಭಾರತದ ಸಮಯ. ಬೋರ್ಡಿನ ಗಡಿಯಾರ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನಡುವೆ ಐದೂವರೆ ಗಂಟೆ. ಅಲ್ಲಿ ರಾತ್ರಿ ಸರಿಯಾಗಿ ಎಂಟಾದರೆ ನಮಗೆ ಒಂದೂವರೆ. ಪೂರ್ತಿ ಗಂಟೆಗಳ ಅಂತರ ಇರುವ ದೇಶದಲ್ಲಿ ಕೂತಿದ್ದರೆ ಈ ಗುಟ್ಟು ಮೊದಲ ದಿನವೇ ಬಯಲಾಗುತ್ತಿತ್ತೇನೋ.

ಉದ್ರಿ ಪುಸ್ತಕ

ಈಗ ಪೇಜ್ ಬಗ್ಗೆ ಹೇಳಬೇಕು.

ಪಿಎಂಬಸ್‌ನಲ್ಲಿ ಕಮಾಂಡ್ ಅಂದರೆ ಒಂದೇ ಬೈಟ್. ಕಂಟ್ರೋಲರಿಗೆ ವಿಳಾಸವೂ ಒಂದೇ, ನಮ್ಮದು ಹೆಕ್ಸ್ 40. ಆದರೆ ಅದರೊಳಗೆ ಎರಡು ಔಟ್‌ಪುಟ್. ರೀಡ್ ವಿಔಟ್ ಅಂದರೆ ಯಾವುದರ ವಿಔಟ್? ಇದಕ್ಕೆ ಇರುವುದು ಕಮಾಂಡ್ ಸೊನ್ನೆ, ಹೆಸರು ಪೇಜ್. ಮೊದಲು ಪೇಜ್ 0 ಅಂತ ಬರೆದರೆ ಆಮೇಲಿನ ಪ್ರಶ್ನೆಗಳೆಲ್ಲ ಮೊದಲ ಔಟ್‌ಪುಟ್‌ನವು. ಪೇಜ್ 1 ಅಂದರೆ ಎರಡನೆಯದರವು. ಮತ್ತೆ ಬದಲಾಯಿಸುವ ತನಕ ಚಿಪ್ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಶೆಟ್ಟರು ನನ್ನ ಪುಟ ತೆರೆದು ಇಟ್ಟಿದ್ದಾರೆ. ನಾನು ಹೆಸರು ಹೇಳದೆ ಬಾಕಿ ಎಷ್ಟು ಅಂತ ಕೇಳುತ್ತೇನೆ, ಅವರು ತೆರೆದ ಪುಟ ನೋಡಿ ಹೇಳುತ್ತಾರೆ. ಎಲ್ಲ ಸರಿ. ನಾನು ಅಕ್ಕಿ ನೋಡಲು ಆ ಕಡೆ ತಿರುಗಿದಾಗ ಇನ್ನೊಬ್ಬರು ಬಂದು ಪುಟ ತಿರುವಿಸಿದರೆ? ನಾನು ಮತ್ತೆ ಬಾಕಿ ಎಷ್ಟು ಅನ್ನುತ್ತೇನೆ. ಶೆಟ್ಟರು ಸುಳ್ಳು ಹೇಳುವುದಿಲ್ಲ, ಲೆಕ್ಕವೂ ತಪ್ಪಿಲ್ಲ. ಬಾಕಿ ಮಾತ್ರ ಪಕ್ಕದ ಮನೆಯವರದು.

ಪೆಕ್ ಇದನ್ನು ಯಾಕೆ ಹಿಡಿಯಲಿಲ್ಲ ಅನ್ನುವುದೂ ಇಲ್ಲೇ ಇದೆ. ಪೇಜ್ ಬರೆಯುವುದು ಒಂದು ಸಂದೇಶ, ವೋಲ್ಟೇಜ್ ಓದುವುದು ಇನ್ನೊಂದು. ಪೆಕ್ ಒಂದೊಂದು ಸಂದೇಶವನ್ನೂ ಕಾಯುತ್ತದೆ, ಎರಡರ ನಡುವಿನ ಜಾಗ ಯಾರದ್ದೂ ಅಲ್ಲ.

ಪುಟ ತಿರುವಿಸಿದ್ದು ಯಾರು? ಲಾಜಿಕ್ ಅನಲೈಸರನ್ನು ಎರಡು ತಂತಿಗೆ ಕಚ್ಚಿಸಿ, ಅರೆಗಂಟೆಯ ಆಚೀಚೆ ಮಾತ್ರ ದಾಖಲಿಸುವಂತೆ ಇಟ್ಟೆ. ಮೂರನೇ ರಾತ್ರಿ ಸಿಕ್ಕಿತು. ವಿಳಾಸ 40ಕ್ಕೆ ಬರಹ: ಪೇಜ್, 1. ಕೆಲವು ಮಿಲಿಸೆಕೆಂಡ್ ಸುಮ್ಮನೆ. ಆಮೇಲೆ 8ಬಿ, ಉತ್ತರ ಸಿ0, 1ಸಿ. ಕೆಳಗಿನ ಬೈಟ್ ಮೊದಲು ಬರುವುದರಿಂದ ಇದು ಹೆಕ್ಸ್ 1ಸಿಸಿ0, ಅಂದರೆ 7360. ನಮ್ಮ ಚಿಪ್ಪಿನಲ್ಲಿ ಒಂದು ವೋಲ್ಟ್‌ಗೆ 4096 ಎಣಿಕೆ. ಭಾಗಿಸಿದರೆ 1.797. ಆಮೇಲೆ ಇನ್ನೊಂದು ಓದು. ಕೊನೆಗೆ ಪೇಜ್, 0. ಒಟ್ಟು ಸುಮಾರು 15 ಮಿಲಿಸೆಕೆಂಡ್.

ತಂತಿಯ ಮೇಲೆ ಇದನ್ನು ಯಾವ ಪ್ರೋಗ್ರಾಂ ಬರೆಯಿತು ಅಂತ ತಿಳಿಯುವುದಿಲ್ಲ. ಇರುವುದು ಒಂದೇ ಮಾಸ್ಟರ್, ಎಲ್ಲರ ಮಾತೂ ಒಂದೇ ದನಿಯಲ್ಲಿ ಬರುತ್ತದೆ. ಆದರೆ ಒಂದು ಗುರುತು ಸಿಕ್ಕಿತು. ನಮ್ಮ ಡೀಮನ್ ಚಿಪ್ಪಿನೊಂದಿಗೆ ಮಾತಾಡುವುದು ಲಿನಕ್ಸ್‌ನ ಪಿಎಂಬಸ್ ಡ್ರೈವರ್ ಮೂಲಕ. ಆ ಡ್ರೈವರ್ ಪೇಜ್ ಬರೆದ ಮೇಲೆ ಅದನ್ನು ವಾಪಸ್ ಓದಿ, ನಿಜವಾಗಿ ಬದಲಾಯಿತಾ ಅಂತ ಖಾತ್ರಿ ಮಾಡಿಕೊಳ್ಳುತ್ತದೆ. ಈ ಪೇಜ್ 1ರ ಹಿಂದೆ ವಾಪಸ್ ಓದು ಇರಲಿಲ್ಲ. ಡ್ರೈವರ್ ಅಲ್ಲ, ಬೇರೆ ಯಾರೋ.

ಆ ಡ್ರೈವರಿಗೆ ಇನ್ನೊಂದು ಅಭ್ಯಾಸ ಇದೆ. ಕೊನೆಗೆ ಬರೆದ ಪೇಜ್ ಯಾವುದು ಅಂತ ತನ್ನ ಬಳಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓದು ಅದೇ ಪೇಜಿನದಾದರೆ ಮತ್ತೆ ಬರೆಯುವುದಿಲ್ಲ. ಸಮಯ ಉಳಿಸುವ ಒಳ್ಳೆಯ ಉಪಾಯ. ನಮ್ಮ ಡೀಮನ್ ನಿಮಿಷದಲ್ಲಿ ಹೆಚ್ಚೂಕಡಿಮೆ ಎಲ್ಲ ಓದನ್ನೂ ಪೇಜ್ 0ರಿಂದ ಮಾಡುತ್ತದೆ, ಹಾಗಾಗಿ ಡ್ರೈವರ್ ಪುಟ ತೆರೆದೇ ಇದೆ ಅಂತ ನಂಬಿಕೊಂಡು ನೇರ ಪ್ರಶ್ನೆ ಕೇಳುತ್ತದೆ. ಚಿಪ್ಪಿನೊಳಗಿನ ನೆನಪು 1 ಅನ್ನುತ್ತಿದೆ, ಡ್ರೈವರಿನ ನೆನಪು 0 ಅನ್ನುತ್ತಿದೆ. ಒಂದೇ ಸಂಗತಿ ಎರಡು ಕಡೆ ಬರೆದಿದೆ, ಒಂದು ಕಡೆ ಮಾತ್ರ ತಿದ್ದಿದೆ.

ಗಂಟೆಗೊಮ್ಮೆ ಓಡುವ ಕೆಲಸ ಯಾವುದು ಅಂತ ಹುಡುಕಿದೆ. ಎರಡನೇ ಔಟ್‌ಪುಟ್‌ನ ಒಂದೊಂದು ಫೇಸಿನ (ಕರೆಂಟ್ ಹಂಚಿಕೊಳ್ಳುವ ಒಂದೊಂದು ಭಾಗದ) ಕರೆಂಟ್ ಬರೆದಿಡುವ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್. ಅದು ಚಿಪ್ ತಯಾರಕರ ಖಾಸಗಿ ಕಮಾಂಡ್, ಡ್ರೈವರಿನಲ್ಲಿ ಇಲ್ಲ. ಹಾಗಾಗಿ ಸ್ಕ್ರಿಪ್ಟ್ ಐ2ಸಿ-ಸೆಟ್ ಟೂಲಿನಿಂದ ಪೇಜ್ 1 ಬರೆಯುತ್ತದೆ, ಐ2ಸಿ-ಗೆಟ್‌ನಿಂದ ಓದುತ್ತದೆ, ಮತ್ತೆ ಪೇಜ್ 0 ಬರೆಯುತ್ತದೆ. ಮೂರೂ ಬೇರೆ ಬೇರೆ ಪ್ರಕ್ರಿಯೆ. ಕರ್ನಲ್ ಬಸ್ಸಿಗೆ ಬೀಗ ಹಾಕುವುದು ಒಂದೊಂದು ಸಂದೇಶಕ್ಕೆ ಮಾತ್ರ. ನಡುವೆ ಡ್ರೈವರ್ ನುಗ್ಗಬಹುದು.

ಈ ಟೂಲ್‌ಗಳು ಸುಮ್ನೆ ಬಿಡುವವಲ್ಲ. ಡ್ರೈವರ್ ಹಿಡಿದಿರುವ ವಿಳಾಸವನ್ನು ಮುಟ್ಟಿದರೆ, ಸಾಧನ ಬ್ಯುಸಿ ಇದೆ ಅಂತ ನಿರಾಕರಿಸುತ್ತವೆ. ಬಸ್ ಸ್ಕ್ಯಾನ್ ಮಾಡಿದರೆ ಅಂಥ ಜಾಗದಲ್ಲಿ ಯುಯು ಅಂತ ತೋರಿಸುತ್ತವೆ. ಆದರೂ ನುಗ್ಗಬೇಕು ಅಂದರೆ ಫೋರ್ಸ್ ಆಯ್ಕೆ ಕೊಡಬೇಕು. ಸ್ಕ್ರಿಪ್ಟಿನ ಪ್ರತಿ ಸಾಲಿನಲ್ಲೂ ಅದಿತ್ತು.

ಬರೆದವರು ಯಾರು ಅಂತ ಗಿಟ್ ಇತಿಹಾಸ ತೆಗೆದು ನೋಡಿದೆ. ನಾನೇ. ನಾಲ್ಕು ತಿಂಗಳ ಹಿಂದೆ, ಮೊದಲ ಬೋರ್ಡ್ ಎಬ್ಬಿಸುವಾಗ ಬರೆದದ್ದು. ಆಗ ಡ್ರೈವರ್ ಇರಲಿಲ್ಲ, ಸ್ಕ್ರಿಪ್ಟ್ ಒಬ್ಬನೇ ಮಾತಾಡುತ್ತಿದ್ದ. ಡ್ರೈವರ್ ಬಂದ ಮೇಲೆ ಅದು ಬ್ಯುಸಿ ಅನ್ನತೊಡಗಿತು. ಯಾರೋ ಕೇಳಿದಾಗ, ಫೋರ್ಸ್ ಹಾಕಿ ಬಿಡಿ ಅಂದವನೂ ನಾನೇ. ಪುಟವನ್ನು ವಾಪಸ್ 0ಕ್ಕೆ ತರುವ ಸಾಲು ನಾನೇ ಬರೆದಿದ್ದೆ, ಅದರ ಬಗ್ಗೆ ಹೆಮ್ಮೆಯೂ ಇತ್ತು. ಆ ಸಾಲು ಇಲ್ಲದಿದ್ದರೆ ಮೊದಲ ಗಂಟೆಯಲ್ಲೇ ಎಲ್ಲ ಬೋರ್ಡೂ ಆರಿ, ಅವತ್ತೇ ಕಾರಣ ಸಿಗುತ್ತಿತ್ತು.

ಲೆಕ್ಕವೂ ಹೊಂದಿತು. 15 ಮಿಲಿಸೆಕೆಂಡಿನ ಕಿಂಡಿ, ಸೆಕೆಂಡಿಗೊಂದು ಓದು, ಅಂದರೆ ಪ್ರತಿ ಓಟಕ್ಕೆ 1.5 ಶೇಕಡ. ಆರು ಬೋರ್ಡ್, ಹನ್ನೆರಡು ಗಂಟೆ, 72 ಓಟ. ರಾತ್ರಿಗೊಂದು.

ಈ ಸಲ ಇಮೇಲ್ ಬರೆಯುವ ಮೊದಲು ಸ್ಕ್ರಿಪ್ಟನ್ನು ಬಿಡುವಿಲ್ಲದೆ ತಿರುಗುವ ಲೂಪಿನಲ್ಲಿ ಹಾಕಿದೆ. ಮೊದಲ ಬೋರ್ಡ್ ಎರಡೇ ಸೆಕೆಂಡಿನಲ್ಲಿ ಆರಿತು. ಕಾಫಿ ಆರುವ ಮೊದಲು ಆರೂ ಆರಿದವು.

ಏನು ಬದಲಾಯಿಸಿದೆವು

ಪಿಎಂಬಸ್ 1.2ರಿಂದ ಇದಕ್ಕೆ ನೇರ ಮದ್ದಿದೆ. ಪೇಜ್ ಪ್ಲಸ್ ರೀಡ್, ಪೇಜ್ ಪ್ಲಸ್ ರೈಟ್ ಅಂತ ಎರಡು ಕಮಾಂಡ್. ಪುಟ, ಪ್ರಶ್ನೆ ಎರಡೂ ಒಂದೇ ಸಂದೇಶದಲ್ಲಿ ಹೋಗುತ್ತವೆ, ನಡುವೆ ಯಾರೂ ನುಗ್ಗಲಾಗುವುದಿಲ್ಲ. ನಮ್ಮ ಚಿಪ್ ಅದನ್ನು ಬೆಂಬಲಿಸುವುದಿಲ್ಲ. ಹಾಗಾಗಿ ಡ್ರೈವರಿಗೇ ಸಣ್ಣ ತಿದ್ದುಪಡಿ ಮಾಡಿ, ಫೇಸ್ ಕರೆಂಟನ್ನು ಅದರ ಮೂಲಕವೇ, ಅದರ ಬೀಗದ ಒಳಗೇ ಓದುವಂತೆ ಮಾಡಿದೆವು. ಸ್ಕ್ರಿಪ್ಟ್ ಈಗ ಬಸ್ ಮುಟ್ಟುವುದಿಲ್ಲ, ಒಂದು ಫೈಲ್ ಓದುತ್ತದೆ.

ಡೀಮನ್ ಬಗ್ಗೆ ಜಗಳವಾಯಿತು. ಮೂರು ಸಲ ಸತತವಾಗಿ ತಪ್ಪು ಕಂಡರೆ ಮಾತ್ರ ಆರಿಸಲಿ ಅಂದರು ಕೆಲವರು. ಅದು ಆರಿಸಲೇಬಾರದು ಅಂದೆ ನಾನು. ಸೆಕೆಂಡಿಗೊಮ್ಮೆ ಇಣುಕಿ ನೋಡುವವನು ಕಾವಲುಗಾರ ಆಗಲಾರ. ನಿಜವಾಗಿ 1.8 ಬಂದಿದ್ದರೆ ಅವನು ನೋಡುವ ಹೊತ್ತಿಗೆ ಚಿಪ್ ಸುಟ್ಟಿರುತ್ತದೆ. ಆ ಕೆಲಸಕ್ಕೆ ಕಂಟ್ರೋಲರಿನ ಕಂಪೇರೇಟರ್ ಇದೆ ಅಲ್ವಾ? ಕೊನೆಗೆ ಡೀಮನ್ ಲಾಗ್ ಮಾತ್ರ ಬರೆಯುತ್ತದೆ, ಸ್ಟೇಟಸ್ ವಿಔಟ್ ಕೂಡ ಹೌದು ಅಂದರೆ ಅಲಾರಂ ಕೊಡುತ್ತದೆ ಅಂತ ಒಪ್ಪಿಗೆಯಾಯಿತು.

ನಿಜವಾಗಿ ಬೆವರಿದ್ದು ಆಮೇಲೆ. ಫೋರ್ಸ್ ಎಲ್ಲೆಲ್ಲಿ ಇದೆ ಅಂತ ಇಡೀ ಕೋಡ್ ಹುಡುಕಿದಾಗ ಉತ್ಪಾದನೆಯ ಮಾರ್ಜಿನ್ ಪರೀಕ್ಷೆಯ ಸ್ಕ್ರಿಪ್ಟ್ ಸಿಕ್ಕಿತು. ಅದು ಪೇಜ್ 1 ಹಾಕಿ, ವಿಔಟ್ ಕಮಾಂಡಿಗೆ 1.89 ವೋಲ್ಟ್ ಬರೆಯುತ್ತದೆ, ಐಓ ರೈಲ್ ಐದು ಶೇಕಡ ಮೇಲೆ ಹೋದರೆ ತಾಳುತ್ತದಾ ಅಂತ ನೋಡಲು. ಆ ಎರಡು ಸಾಲಿನ ನಡುವೆ ಡ್ರೈವರ್ ಪೇಜನ್ನು 0ಗೆ ತಿರುವಿಸಿದರೆ 1.89 ಹೋಗುವುದು ಕೋರ್‌ಗೆ. ಇಲ್ಲಿಯ ತನಕ ಹಾಗಾಗಿಲ್ಲ. ಮಾರ್ಜಿನ್ ಪರೀಕ್ಷೆಯ ಹೊತ್ತಿಗೆ ಡೀಮನ್ ಶುರುವಾಗಿರುವುದಿಲ್ಲ ಅನ್ನುವುದೊಂದೇ ಕಾರಣ. ಯಾರೂ ಯೋಚಿಸಿ ಹಾಗಿಟ್ಟದ್ದಲ್ಲ.

ಈಗ ಪೇಜ್ 0ರ ವಿಔಟ್ ಮ್ಯಾಕ್ಸ್ 1.1 ವೋಲ್ಟ್. ಯಾರು ಏನೇ ಬರೆದರೂ ಚಿಪ್ ಅದರ ಮೇಲೆ ಹೋಗುವುದಿಲ್ಲ. ಇದನ್ನು ಚಿಪ್ಪಿನ ಸ್ಥಿರ ನೆನಪಿನಲ್ಲಿ ಉಳಿಸಿ, ಪ್ರತಿ ಬೋರ್ಡಿನಲ್ಲೂ ವಾಪಸ್ ಓದಿ ಪರೀಕ್ಷಿಸುತ್ತೇವೆ. ಮಾರ್ಜಿನ್ ಸ್ಕ್ರಿಪ್ಟ್ ಮೊದಲು ಡ್ರೈವರನ್ನು ಬಿಡಿಸುತ್ತದೆ, ಆಮೇಲೆ ಬಸ್ ಮುಟ್ಟುತ್ತದೆ.

ಹೊಸ ಸಾಫ್ಟ್‌ವೇರಿನಲ್ಲಿ ಅದೇ ಬಿಡುವಿಲ್ಲದ ಲೂಪ್ ಹಾಕಿ 14 ರಾತ್ರಿ ಓಡಿಸಿದೆವು. ಒಂದೂ ಆರಲಿಲ್ಲ. 2.2 ಕಿಲೋಓಮ್ ರೆಸಿಸ್ಟರ್‌ಗಳು ಬೋರ್ಡಿನಲ್ಲೇ ಉಳಿದವು, ಬದಲಾವಣೆ ಪತ್ರದಲ್ಲಿ ಕಾರಣ ಮಾತ್ರ ತಿದ್ದಿದೆ. ಕನ್ಸೋಲ್ ಲಾಗಿನ ಸಮಯವನ್ನೂ ಯುಟಿಸಿಗೆ ಬದಲಾಯಿಸಿದ್ದೇವೆ. ಟೆಸ್ಟ್ ಹುಡುಗ ಈಗ ಬೆಳಿಗ್ಗೆ ಲಾಗ್ ಓದುವಾಗ ಬೆರಳಲ್ಲಿ ಐದೂವರೆ ಕೂಡಿಸುತ್ತಾನೆ, ನನ್ನನ್ನು ಬೈದುಕೊಂಡು.